ಲೋಟದ ತಳ

ಸರ್ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟರು. "ಅಣ್ಣಾ, ಇದನ್ನು ಬಿಡಿಸಿ" ಅಂದರು. ಅಷ್ಟೇ.

ಮುಂಬೈ ಹತ್ತಿರದ ಡೊಂಬಿವಲಿಯ ಹಳೇ ಬಿಲ್ಡಿಂಗೊಂದರ ಮೊದಲ ಮಹಡಿಯ ಡ್ರಾಯಿಂಗ್ ಕ್ಲಾಸು. ಭಾನುವಾರ ಬೆಳಗ್ಗೆ ಏಳೂವರೆ. ಸುತ್ತ ಹನ್ನೆರಡು ಮಕ್ಕಳು, ಅವರ ನಡುವೆ 47 ವರ್ಷದ ನಾನು. ಕೈಯಲ್ಲಿ ಮಗಳ ಡಬ್ಬಿಯಿಂದ ತೆಗೆದುಕೊಂಡ ಎಚ್‌ಬಿ ಪೆನ್ಸಿಲ್ಲು.

ಲೋಟ ತಾನೇ ಅಂದುಕೊಂಡೆ. ಎರಡು ಗೆರೆ ನಿಲ್ಲಿಸಿದೆ. ಮೇಲೆ ಮೊಟ್ಟೆಯ ಹಾಗೆ ಬಾಯಿ. ಕೆಳಗೆ ಸ್ಕೇಲ್ ಇಟ್ಟ ಹಾಗೆ ಒಂದು ನೇರ ಗೆರೆ. ಲೋಟ ಮೇಜಿನ ಮೇಲೆ ಅಲ್ಲಾಡದೆ ಕೂತಿದೆ, ತಳ ನೇರ ಇರಲೇಬೇಕು, ಅಲ್ವಾ?

ಸರ್ ಪಕ್ಕಕ್ಕೆ ಬಂದು ಕೂತರು. ನಾನು ಬಿಡಿಸಿದ್ದನ್ನು ನೋಡಲಿಲ್ಲ. ಲೋಟದ ತಳದ ಅಂಚಿನ ಮೇಲೆ ನಿಧಾನಕ್ಕೆ ಬೆರಳು ಎಳೆದರು. "ಬಘಾ" ಅಂದರು. ಮರಾಠಿಯಲ್ಲಿ, ನೋಡಿ ಅಂತ.

ನೋಡಿದೆ. ತಳ ನೇರ ಇರಲಿಲ್ಲ. ನನ್ನ ಕಡೆಗೆ ಬಾಗಿತ್ತು. ಬಾಯಿಯ ಬಾಗಿಗಿಂತ ತಳದ ಬಾಗು ಇನ್ನೂ ಜಾಸ್ತಿ ಇತ್ತು. ಸರ್ ನನ್ನನ್ನು ಕುರ್ಚಿಯಿಂದ ಇಳಿಸಿ, ಕಣ್ಣು ಲೋಟದ ಬಾಯಿಯ ಮಟ್ಟಕ್ಕೆ ಬರುವ ತನಕ ಬಗ್ಗಿಸಿದರು. ಬಾಯಿ ಒಂದು ಗೆರೆ ಆಗಿಬಿಟ್ಟಿತು. ಮೆಲ್ಲಗೆ ಮೇಲೆದ್ದೆ. ಗೆರೆ ಬಿರಿದು ಮತ್ತೆ ಬಾಯಿ ಆಯಿತು. ಎದ್ದಷ್ಟೂ ಅಗಲ ಆಯಿತು. ಕಣ್ಣಿನ ಮಟ್ಟದಿಂದ ಕೆಳಗೆ ಇಳಿದಷ್ಟೂ ವೃತ್ತ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಾಯಿಗಿಂತ ತಳ ಕೆಳಗಿದೆ, ಅದಕ್ಕೇ ಅದರ ಬಾಗು ಹೆಚ್ಚು. ಇಷ್ಟೇ ವಿಷಯ.

ಮುಂಬೈಯ ಮಾಟುಂಗಾದ ಹೋಟೆಲಿಗೆ ನಾನು ಬಂದದ್ದು 1991ರಲ್ಲಿ, ಕುಂದಾಪುರ ಕಡೆಯ ನಮ್ಮೂರಿನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ. ಮೊದಲು ಲೋಟ ತೊಳೆದೆ. ಆಮೇಲೆ ಟೇಬಲ್ಲಿಗೆ ಲೋಟ ಇಟ್ಟೆ. ಈಗ ಗಲ್ಲಾದಲ್ಲಿ ಕೂತು ಲೋಟಗಳು ಓಡಾಡುವುದನ್ನು ನೋಡುತ್ತೇನೆ. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಲೋಟ ಈ ಕೈಯಿಂದ ಹೋಗಿರಬಹುದು! ಒಂದರ ತಳ ಹೇಗೆ ಕಾಣುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಬೆಳಗ್ಗೆ ನನ್ನ ಮೈ ಜುಮ್ ಅಂದಿತು. ಸುಮ್ನೆ ಹೇಳುತ್ತಿಲ್ಲ.

ಅಲ್ಲಿಗೆ ನಾನು ಕಲಿಯಲು ಹೋದದ್ದಲ್ಲ. ಮಗಳನ್ನು ಬಿಡಲು ಹೋದದ್ದು. ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಅಂತ ಎರಡು ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಇವೆ. ಸರ್ಕಾರದ ಕಲಾ ಇಲಾಖೆಯೇ ನಡೆಸುತ್ತದೆ. ಎದುರಿಗಿಟ್ಟ ವಸ್ತು ನೋಡಿ ಬಿಡಿಸುವುದಕ್ಕೆ ಒಂದು ಪೇಪರು, ನೆನಪಿನಿಂದ ಬಿಡಿಸುವುದಕ್ಕೆ ಒಂದು, ಡಿಸೈನಿಗೆ ಒಂದು, ಜಾಮಿಟ್ರಿ ಮತ್ತು ಅಕ್ಷರ ಬರೆಯುವುದಕ್ಕೆ ಒಂದು. ಇಂಟರ್‌ಮೀಡಿಯೇಟ್ ಪಾಸಾದರೆ ಹತ್ತನೇ ಕ್ಲಾಸಿನಲ್ಲಿ ಒಂದಷ್ಟು ಅಂಕವೂ ಸೇರುತ್ತದೆ. ಹಾಗಾಗಿ ಇಲ್ಲಿ ಮಕ್ಕಳು ಟ್ಯೂಷನ್ನಿಗೆ ಹೋದ ಹಾಗೆ ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತಾರೆ. ಪ್ರತಿಭೆ ಇದೆಯಾ ಅಂತ ಯಾರೂ ಮೊದಲು ಕೇಳುವುದಿಲ್ಲ. ನನಗೆ ಇದೇ ಹೊಸದಾಗಿ ಕಂಡಿತು. ನಮ್ಮೂರಲ್ಲಿ ಲೆಕ್ಕ ಕಲಿಸುತ್ತಿದ್ದರು, ಕನ್ನಡ ಕಲಿಸುತ್ತಿದ್ದರು. ಚಿತ್ರ ಮಾತ್ರ ಕೈ ಇದ್ದವರು ಬಿಡಿಸುವಂಥದ್ದು.

ನನ್ನ ಪಾಳಿ ಮಧ್ಯಾಹ್ನ ಹನ್ನೆರಡಕ್ಕೆ ಶುರು. ಬೆಳಗ್ಗೆ ಮಗಳನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಮೂರನೇ ವಾರ ಸರ್ ಬಾಗಿಲಿಗೆ ಬಂದು, "ಹೊರಗೆ ಯಾಕೆ ಕೂತಿದ್ದೀರಿ ಅಣ್ಣಾ, ಒಳಗೆ ಬನ್ನಿ, ಕಾಗದ ಕೊಡ್ತೀನಿ" ಅಂದರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು. ನಾನು, "ನನಗೆ ಕೈ ಇಲ್ಲ ಸರ್" ಅಂದೆ.

ಆ ಮಾತು ನನ್ನದಲ್ಲ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಕೋಳಿ ಬಿಡಿಸಲು ಹೇಳಿದ್ದರು. ಮನೆಯಲ್ಲಿ ಕೋಳಿ ಇದ್ದವು, ನನಗೆ ಕೋಳಿ ಅಂದರೆ ಪ್ರೀತಿ. ಮನಸ್ಸಿಟ್ಟು ಬಿಡಿಸಿದೆ. ಮೇಷ್ಟ್ರು ಸ್ಲೇಟು ಎತ್ತಿ ಹಿಡಿದು, "ಇದು ಕೋಳಿಯಾ, ಕೊಡಪಾನವಾ?" ಅಂತ ಕೇಳಿದರು. ಕ್ಲಾಸು ನಕ್ಕಿತು. "ನಿಂಗೆ ಕೈ ಇಲ್ಲ ಮಾರಾಯ, ನೀ ಲೆಕ್ಕ ಮಾಡ್" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಲೆಕ್ಕ ಚೆನ್ನಾಗಿ ಹೇಳಿಕೊಟ್ಟರು, ಆ ಲೆಕ್ಕದಿಂದಲೇ ನಾನು ಗಲ್ಲಾದಲ್ಲಿ ಕೂತಿದ್ದೇನೆ. ಆದರೆ ಅವತ್ತಿನಿಂದ ಮೂವತ್ತೇಳು ವರ್ಷ ನಾನು ಒಂದು ಎಲೆ ಕೂಡ ಬಿಡಿಸಲಿಲ್ಲ. ಅದೇ ಕ್ಲಾಸಿನಲ್ಲಿ ಕೈ ಇದ್ದವನು ಅಂತ ಹೆಸರಾಗಿದ್ದ ಗೆಳೆಯನೊಬ್ಬ ಇದ್ದ. ವಾರ್ಷಿಕೋತ್ಸವದ ಬೋರ್ಡು, ಸರಸ್ವತಿ, ರಾಷ್ಟ್ರಧ್ವಜ, ಎಲ್ಲ ಅವನಿಂದಲೇ. ಈಚೆಗೆ ಫೋನಿನಲ್ಲಿ ಸಿಕ್ಕಿದ. ಈಗಲೂ ಬಿಡಿಸ್ತೀಯಾ ಅಂತ ಕೇಳಿದೆ. ಹೈಸ್ಕೂಲ್ ಬಿಟ್ಟ ಮೇಲೆ ಮುಟ್ಟಿಲ್ಲವಂತೆ.

ಸರ್ ಕಲಿಸಿದ ಕ್ರಮ ಹೇಳುತ್ತೇನೆ. ನನ್ನ ಹಾಗೆ ಮೆಟ್ಟಿಲ ಮೇಲೆ ಕೂತಿರುವವರು ಯಾರಾದರೂ ಓದಬಹುದು.

ಮೊದಲು ಒಂದು ತಿಂಗಳು ಬರೀ ಗೆರೆ. ಪೆನ್ಸಿಲನ್ನು ಬರೆಯುವಾಗ ಹಿಡಿಯುವ ಹಾಗೆ ತುದಿಯಲ್ಲಿ ಹಿಡಿಯಬಾರದು, ಹಿಂದೆ ಹಿಡಿಯಬೇಕು. ಗೆರೆ ಮಣಿಕಟ್ಟಿನಿಂದ ಬರಬಾರದು, ಭುಜದಿಂದ ಬರಬೇಕು. ಗಲ್ಲಾದಲ್ಲಿ ಕೂತು ಹಳೇ ಬಿಲ್ಲುಗಳ ಹಿಂದೆ ಉದ್ದ ಗೆರೆ, ಅಡ್ಡ ಗೆರೆ, ಸುತ್ತು. ಸುತ್ತಿನ ಮೇಲೆ ಸುತ್ತು. ಹುಡುಗರು ಒಂದೆರಡು ದಿನ ವಿಚಿತ್ರವಾಗಿ ನೋಡಿದರು, ಆಮೇಲೆ ರೂಢಿ ಆಯಿತು.

ಆಮೇಲೆ ಅಳತೆ. ಕೈ ಪೂರ್ತಿ ಚಾಚಬೇಕು, ಮೊಣಕೈ ಮಡಚಬಾರದು. ಒಂದು ಕಣ್ಣು ಮುಚ್ಚಿ ಪೆನ್ಸಿಲ್ಲಿನ ತುದಿಯನ್ನು ವಸ್ತುವಿನ ತಲೆಗೆ ಹಿಡಿದು, ಹೆಬ್ಬೆರಳನ್ನು ಬುಡದ ತನಕ ಜಾರಿಸಬೇಕು. ಆ ಅಳತೆ ಅಗಲದಲ್ಲಿ ಎಷ್ಟು ಸಲ ಹಿಡಿಸುತ್ತದೆ ಅಂತ ನೋಡಬೇಕು. ಮಗಳ ಮುಖವನ್ನು ಹೀಗೆ ಅಳೆದ ದಿನ ನನಗೆ ನಂಬಲಿಕ್ಕಾಗಲಿಲ್ಲ. ನೆತ್ತಿಯಿಂದ ಗದ್ದದ ತನಕ ಅಳೆದರೆ ಕಣ್ಣು ಸರಿಸುಮಾರು ಮಧ್ಯದಲ್ಲಿದೆ! ನಾನು ಯಾವಾಗಲೂ ಕಣ್ಣು ಹಣೆಯ ಹತ್ತಿರ, ಮೇಲೆ ಇದೆ ಅಂದುಕೊಂಡಿದ್ದೆ. ಕನ್ನಡಿಯಲ್ಲಿ ನನ್ನ ಮುಖ ಅಳೆದೆ, ಅಲ್ಲೂ ಹಾಗೇ. ಹೆಂಡತಿಯದ್ದೂ ಅಳೆದೆ. ನಾವು ಮುಖ ನೋಡುವಾಗ ಕಣ್ಣು, ಮೂಗು, ಬಾಯಿ ಇಷ್ಟನ್ನೇ ನೋಡುತ್ತೇವೆ. ಮೇಲಿರುವ ತಲೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಕಲಿಯದವರು ಬಿಡಿಸಿದ ಮುಖಗಳಲ್ಲಿ ಹಣೆ ಕೊಚ್ಚಿಹಾಕಿದ ಹಾಗೆ ಇರುತ್ತದೆ.

ಮೂರನೆಯದು ಖಾಲಿ ಜಾಗ. ಸರ್ ಒಂದು ಕುರ್ಚಿ ಇಟ್ಟು, "ಕುರ್ಚಿ ಬಿಡಿಸಬೇಡಿ, ಕುರ್ಚಿಯ ತೂತು ಬಿಡಿಸಿ" ಅಂದರು. ಕಾಲುಗಳ ನಡುವೆ ಕಾಣುವ ಗೋಡೆಯ ಚೂರು, ಬೆನ್ನಿನ ಪಟ್ಟಿಗಳ ನಡುವಿನ ಚೂರು. ಚೂರುಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಮುಗಿಸಿ ನೋಡಿದರೆ ಹಾಳೆಯಲ್ಲಿ ಕುರ್ಚಿ ಕೂತಿತ್ತು. ನಾನು ಕುರ್ಚಿಯ ಒಂದು ಕಾಲೂ ಎಳೆದಿರಲಿಲ್ಲ. ಇನ್ನೊಂದು ವಾರ ಹಳೇ ಪತ್ರಿಕೆಯ ಒಂದು ಗೆರೆಚಿತ್ರವನ್ನು ತಲೆಕೆಳಗಾಗಿ ಇಟ್ಟು ಹಾಗೇ ನಕಲು ಮಾಡಲು ಹೇಳಿದರು. ತಲೆಕೆಳಗೆ ಇಟ್ಟ ಕೂಡಲೇ ಇದು ಮೂಗು, ಇದು ಕೈ ಅನ್ನುವುದು ಮರೆತುಹೋಗುತ್ತದೆ. ಗೆರೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಮಾತ್ರ ಉಳಿಯುತ್ತದೆ. ಚಿತ್ರ ತಿರುಗಿಸಿದಾಗ ಮಗಳು, "ಅಪ್ಪ, ಇದು ನೀವೇ ಬಿಡಿಸಿದ್ದಾ?" ಅಂತ ಎರಡು ಸಲ ಕೇಳಿದಳು.

ನೆರಳು ಮಾತ್ರ ಬಹಳ ಕಾಡಿತು. ಸ್ಟೀಲ್ ಲೋಟ ಬೆಳ್ಳಗೆ ಹೊಳೆಯುತ್ತದೆ ಅಂದುಕೊಂಡಿದ್ದೆ. ಕಣ್ಣು ಕಿರಿದು ಮಾಡಿ ನೋಡಿದರೆ ಅದರ ಮೈಯಲ್ಲೇ ಕಪ್ಪು ಪಟ್ಟಿಗಳಿವೆ. ಕೋಣೆಯಲ್ಲಿ ಬೇರೆಲ್ಲೂ ಇಲ್ಲದಷ್ಟು ಕಪ್ಪು. ಕಪ್ಪು ಪಕ್ಕದಲ್ಲಿ ಇದ್ದರೇನೇ ಬಿಳಿ ಹೊಳೆಯುವುದು. ಕಡು ಕಪ್ಪು ಬರುವ 6ಬಿ ಪೆನ್ಸಿಲ್ ಕೊಟ್ಟು "ಹೆದರಬೇಡಿ, ಒತ್ತಿ" ಅಂದರು. ನನಗೆ ಕೈ ಬರಲಿಲ್ಲ. ಬಿಳಿ ಲೋಟಕ್ಕೆ ಕಪ್ಪು ಬಳಿಯುವುದು ಹೇಗೆ? ನಾಲ್ಕು ವಾರ ಬೂದಿ ಬಣ್ಣದ ಸಪ್ಪೆ ಲೋಟಗಳನ್ನೇ ಬಿಡಿಸಿದೆ. ಐದನೇ ವಾರ ಒತ್ತಿದೆ. ಲೋಟ ಹೊಳೆಯಿತು.

ರಾತ್ರಿ ಹನ್ನೊಂದರ ನಂತರ ಮಾಟುಂಗಾದಿಂದ ಸ್ಲೋ ಲೋಕಲ್ ಹಿಡಿಯುತ್ತೇನೆ. ಡೊಂಬಿವಲಿ ತನಕ ಒಂದು ಗಂಟೆಯ ದಾರಿ. ಘಾಟ್ಕೋಪರ್ ದಾಟಿದ ಮೇಲೆ ಸ್ವಲ್ಪ ಜಾಗ ಆಗುತ್ತದೆ. ಎದುರಿಗೆ ನಿದ್ದೆ ಹೋದವರು. ಅವರನ್ನು ಸಣ್ಣ ಪುಸ್ತಕದಲ್ಲಿ ಬಿಡಿಸುತ್ತಿದ್ದೆ. ಮುಲುಂಡಿನಲ್ಲಿ ಶುರು ಮಾಡಿದರೆ ಠಾಣೆಯಲ್ಲಿ ಎದ್ದು ಹೋಗುತ್ತಾರೆ. ಹಾಗಾಗಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಒಂದು ಮನುಷ್ಯ. ತಲೆ ವಾಲಿದ ಕೋನ, ಭುಜ, ಬ್ಯಾಗನ್ನು ಅಪ್ಪಿಕೊಂಡ ಕೈ, ಇಷ್ಟೇ. ದಿನಕ್ಕೆ ಆರೇಳು ಜನ. ಹೆಚ್ಚಿನವು ಹಾಳಾದವು. ಆರು ತಿಂಗಳಲ್ಲಿ ನಾಲ್ಕು ಪುಸ್ತಕ ತುಂಬಿತು. ಮೊದಲನೆಯದನ್ನೂ ನಾಲ್ಕನೆಯದನ್ನೂ ಪಕ್ಕದಲ್ಲಿಟ್ಟರೆ ಒಬ್ಬರೇ ಬಿಡಿಸಿದ್ದು ಅಂತ ಯಾರೂ ಹೇಳುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ. ಚಿತ್ರ ಕಲಿಸಬಹುದು, ಕಲಿಯಬಹುದು. 47ನೇ ವಯಸ್ಸಿನಲ್ಲೂ.

ಹಾಗಾದರೆ ಪ್ರತಿಭೆ ಅನ್ನುವುದು ಸುಳ್ಳಾ? ಇಲ್ಲ. ಅದನ್ನೂ ಅದೇ ಕೋಣೆಯಲ್ಲಿ ನೋಡಿದೆ.

ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ರಿಕ್ಷಾ ಓಡಿಸುವವರ ಮಗ, ಒಂಬತ್ತನೇ ಕ್ಲಾಸು. ನಾನು ಬಂದ ಐದನೇ ತಿಂಗಳಲ್ಲಿ ಒಂದು ಭಾನುವಾರ ಸರ್ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಅವನು ಅವರ ಬೆನ್ನನ್ನು ಬಿಡಿಸಿದ. ಆರೇ ಗೆರೆ, ನಾನು ಎಣಿಸಿದೆ. ಒಂದು ಕಾಲಿನ ಮೇಲೆ ಭಾರ, ಇಳಿದ ಭುಜ, ಕತ್ತಿನ ಹಿಂದಿನ ಮಡಿಕೆ. ಸರ್‌ಗೆ ಆ ವಾರ ಹುಷಾರಿರಲಿಲ್ಲ. ಆ ಆರು ಗೆರೆಯಲ್ಲಿ ಅದು ಇತ್ತು. ನಾನು ಅದೇ ಬೆನ್ನನ್ನು ಒಂದು ಗಂಟೆ ಅಳೆದು ಬಿಡಿಸಿದ್ದೆ. ಅಳತೆಯೆಲ್ಲ ಸರಿ ಇತ್ತು. ಹುಷಾರಿಲ್ಲದ್ದು ಇರಲಿಲ್ಲ.

ಅವತ್ತು ಮನೆಗೆ ಬಂದು ಪೆನ್ಸಿಲ್ ಡಬ್ಬಿ ಅಟ್ಟದ ಮೇಲಿಟ್ಟೆ. ಎರಡು ವಾರ ಹೋಗಲಿಲ್ಲ. ಮೇಷ್ಟ್ರು ಹೇಳಿದ್ದು ಸರಿ ಇತ್ತು, ಕೈ ಇದ್ದವರದ್ದು ಬೇರೆ, ನಮ್ಮದು ಬೇರೆ ಅನ್ನಿಸಿತು.

ಆ ಎರಡು ವಾರದಲ್ಲೇ ಹೋಟೆಲಿನಲ್ಲಿ ಜಾರ್ಖಂಡಿನ ಇಬ್ಬರು ಹುಡುಗರು ದೋಸೆ ಕಲಿಯುತ್ತಿದ್ದರು. ಕಾವಲಿಯ ಹತ್ತಿರ ಹೋಗಿ ನಿಂತು ನೋಡಿದೆ. ದೋಸೆ ಭಟ್ರು ಮೊದಲು ಕಾವಲಿಯ ಬಿಸಿ ತೋರಿಸಿಕೊಟ್ಟರು. ನೀರು ಚಿಮುಕಿಸಿದರೆ ಹನಿ ಕುಣಿಯಬೇಕು, ಆದರೆ ಆ ಕುಣಿಯುವ ಬಿಸಿಯಲ್ಲಿ ಹಿಟ್ಟು ಹುಯ್ಯಬಾರದು. ಪೊರಕೆಯಲ್ಲಿ ನೀರು ಒರೆಸಿ ಒಂದು ಗಳಿಗೆ ಬಿಸಿ ಇಳಿಯಲು ಬಿಡಬೇಕು. ಇಲ್ಲದಿದ್ದರೆ ಹಿಟ್ಟು ಸೌಟಿಗೇ ಅಂಟಿ ಎದ್ದು ಬರುತ್ತದೆ. ಹಿಟ್ಟು ನಡುವೆ ಹುಯ್ದು, ಒತ್ತದೆ, ಸೌಟಿನ ಭಾರಕ್ಕೇ ಸುತ್ತುತ್ತಾ ಹೊರಗೆ ಬರಬೇಕು. ಮೊದಲ ದಿನ ಇಬ್ಬರದೂ ಹರಿದು ಚೂರು ಚೂರು. ಭಟ್ರು ಒಬ್ಬನಿಗಾದರೂ "ನಿನಗೆ ದೋಸೆಯ ಕೈ ಇಲ್ಲ" ಅಂದರಾ? ಅನ್ನಲಿಲ್ಲ. ಅನ್ನಲಿಕ್ಕಾಗುವುದಿಲ್ಲ, ಶನಿವಾರ ಭಾನುವಾರದ ರಶ್ಶಿಗೆ ಇಬ್ಬರೂ ಬೇಕು. ಎರಡು ವಾರ ಮುಗಿಯುವಷ್ಟರಲ್ಲಿ ಇಬ್ಬರೂ ಕಾವಲಿಗೆ ನಿಂತರು. ಒಬ್ಬನದ್ದು ಕಾಗದದ ಹಾಗೆ ತೆಳು, ಅಂಚು ಗರಿಗರಿ. ಅವನಿಗೆ ಕೈಗುಣ ಇದೆ, ನಾನು ಇಲ್ಲ ಅನ್ನುವುದಿಲ್ಲ. ಇನ್ನೊಬ್ಬನದ್ದು ಒಳ್ಳೆ ದೋಸೆ. ಗಿರಾಕಿ ತಿಂದು ಹೊಟ್ಟೆ ತುಂಬಿ ಹೋಗುತ್ತಾನೆ. ಆ ಎರಡನೆಯವನನ್ನು ಮೊದಲ ದಿನವೇ ಪಾತ್ರೆ ತಿಕ್ಕಲು ಕಳಿಸಿದ್ದರೆ ಅವನು ಜನ್ಮವಿಡೀ ತನಗೆ ದೋಸೆ ಬರುವುದಿಲ್ಲ ಅಂತಲೇ ನಂಬಿಕೊಂಡಿರುತ್ತಿದ್ದ.

ಮುಂದಿನ ಭಾನುವಾರ ಕ್ಲಾಸಿಗೆ ಹೋದೆ. ಆ ಹುಡುಗನ ಹಿಂದಿನ ಸಾಲಿನಲ್ಲಿ ಕೂತೆ, ಬೇಕಂತಲೇ. ಅವನು ಹೇಗೆ ಬಿಡಿಸುತ್ತಾನೆ ಅಂತ ನೋಡಬೇಕಿತ್ತು. ಅವನ ತಲೆ ನಿಲ್ಲುತ್ತಲೇ ಇರಲಿಲ್ಲ. ನಾನು ಒಂದು ಸಲ ವಸ್ತು ನೋಡಿ ಹತ್ತು ಗೆರೆ ಎಳೆಯುತ್ತಿದ್ದೆ. ಅವನು ಗೆರೆಗೊಂದು ಸಲ ತಲೆ ಎತ್ತುತ್ತಿದ್ದ, ಅರ್ಧ ಗೆರೆಗೂ ಎತ್ತುತ್ತಿದ್ದ. ಒಂದು ಹೆಬ್ಬೆರಳನ್ನು ಅಳಿಸಿ ಅಳಿಸಿ ಹಾಳೆ ತೂತಾಗುವ ತನಕ ಬಂದಿತ್ತು. ಸುಲಭಕ್ಕೆ ಬರುತ್ತದೆ ಅಂತ ನಾನು ಅಂದುಕೊಂಡದ್ದು ತಪ್ಪು. ಅವನಿಗೆ ತಪ್ಪು ಬೇಗ ಕಾಣುತ್ತದೆ, ಕಂಡರೆ ಸುಮ್ಮನೆ ಬಿಡಲು ಆಗುವುದಿಲ್ಲ. ಅಷ್ಟು ಹುಟ್ಟಿನಿಂದ ಬಂದಿರಬಹುದು. ಮಿಕ್ಕಿದ್ದು ನನ್ನ ಕಣ್ಣೆದುರೇ ಆ ರಬ್ಬರಿನಿಂದ ಬರುತ್ತಿತ್ತು. ಅಂದಿನಿಂದ ನಾನೂ ಗೆರೆಗೊಂದು ಸಲ ತಲೆ ಎತ್ತಲು ಶುರು ಮಾಡಿದೆ. ಬೇರೇನೂ ಬದಲಿಸಲಿಲ್ಲ. ಎರಡೇ ತಿಂಗಳಲ್ಲಿ ಫರಕು ಕಂಡಿತು.

ಒಂದು ರಜೆಯ ದಿನ ಮಗಳನ್ನು ಕರೆದುಕೊಂಡು ಕಾಲಾ ಘೋಡಾಕ್ಕೆ ಹೋದೆ. ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಅಲ್ಲಿದೆ. ಇಷ್ಟು ವರ್ಷ ಮುಂಬೈಯಲ್ಲಿದ್ದು ನಾನು ಒಳಗೆ ಕಾಲಿಟ್ಟಿರಲಿಲ್ಲ. ಬರುವಾಗ ಸಿಎಸ್‌ಎಂಟಿ ಸ್ಟೇಷನ್ನಿಗೆ ನಡೆದುಕೊಂಡು, ಹತ್ತಿರದಲ್ಲೇ ಇರುವ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಗೇಟಿನ ಹೊರಗೆ ನಿಂತೆವು. 1857ರಲ್ಲಿ ಶುರುವಾದ ಶಾಲೆ. ಮಗಳಿಗೆ ಕರ್ನಾಟಕದಲ್ಲಿ ಹುಟ್ಟಿದ ಇಬ್ಬರು ಚಿತ್ರಗಾರರ ಕಥೆ ಹೇಳಿದೆ.

ಒಬ್ಬರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಕೆ.ಕೆ. ಹೆಬ್ಬಾರ್. 1911ರಲ್ಲಿ ಹುಟ್ಟಿದವರು. ಇಲ್ಲೇ ಓದಿದರು, ಇಲ್ಲೇ ಪಾಠ ಮಾಡಿದರು, ಆಮೇಲೆ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿ ಆದರು. ಅದೂ ಸಾಲದು ಅಂತ ಕಥಕ್ ಕಲಿತರು, ಗೆರೆಗೆ ಲಯ ಬರಬೇಕು ಅಂತ. ಅವರ ರೇಖಾಚಿತ್ರಗಳನ್ನು ನೋಡಿದರೆ ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ, ಕುಣಿಯುತ್ತಾ ಹೋಗುತ್ತದೆ. ಅಂಥವರು ಗೆರೆಗಾಗಿ ಗೆಜ್ಜೆ ಕಟ್ಟಿದರು ಅನ್ನುವುದು ನನಗೆ ದೊಡ್ಡ ಧೈರ್ಯ.

ಇನ್ನೊಬ್ಬರು ಮೈಸೂರಿನ ವ್ಯಂಗ್ಯಚಿತ್ರಗಾರ ಆರ್.ಕೆ. ಲಕ್ಷ್ಮಣ್. ಇಲ್ಲಿಗೆ ಅರ್ಜಿ ಹಾಕಿದ್ದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುತ್ತಿಲ್ಲ ಅಂತ ಹೇಳಿ ಅರ್ಜಿ ತಳ್ಳಿದರು. ಅದೇ ಲಕ್ಷ್ಮಣ್ ಇದೇ ಊರಿನಲ್ಲಿ ಕೂತು ದಶಕಗಟ್ಟಲೆ ದಿನಾ ಬೆಳಗ್ಗೆ ದೇಶಕ್ಕೆ ಒಂದು ಚಿತ್ರ ಕೊಟ್ಟರು. ಕಾಗೆ ಅಂದರೆ ಅವರಿಗೆ ಪ್ರಾಣ, ಜನ್ಮವಿಡೀ ಕಾಗೆ ಬಿಡಿಸಿದರು. ಪ್ರತಿಭೆ ಇರಬಹುದು, ಆದರೆ ಅದು ಇದೆಯೋ ಇಲ್ಲವೋ ಅಂತ ಅಳೆಯಲು ಕೂತವರಿಗೇ ಲಕ್ಷ್ಮಣ್ ಕಾಣದೆ ಹೋದರೆ, ಐದನೇ ಕ್ಲಾಸಿನ ಮಗುವಿನ ಕೋಳಿ ನೋಡಿ ಯಾರು ಏನು ಹೇಳಬಲ್ಲರು? ಅದೇ ಲಕ್ಷ್ಮಣ್ ಚಿಕ್ಕವರಿದ್ದಾಗ ಶಾಲೆಯಲ್ಲಿ ಒಂದು ಅರಳಿ ಎಲೆ ಬಿಡಿಸಿದ್ದರು. ಮೇಷ್ಟ್ರು ಅದನ್ನು ಹೊಗಳಿದರು. ತಾನು ಚಿತ್ರಗಾರ ಆಗುತ್ತೇನೆ ಅಂತ ಆ ಹುಡುಗನಿಗೆ ಅನ್ನಿಸಲು ಶುರುವಾದದ್ದು ಅಲ್ಲಿಂದ. ಒಂದು ಎಲೆ, ಒಬ್ಬ ಮೇಷ್ಟ್ರು, ಒಂದು ಮಾತು. ಇದನ್ನು ಹೇಳುವಾಗ ಗೇಟಿನ ಎದುರು ನನ್ನ ಗಂಟಲು ಕಟ್ಟಿತು.

ವ್ಯಾನ್ ಗೋ ವಿಷಯ ಸರ್ ಹೇಳಿದ್ದರು. ಚಿತ್ರಗಾರ ಆಗಬೇಕು ಅಂತ ಅವನು ತೀರ್ಮಾನಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಆಮೇಲೆ ಶಾಲೆಯ ಮಕ್ಕಳ ಹಾಗೆ ಡ್ರಾಯಿಂಗ್ ಕಲಿಸುವ ಮಾದರಿ ಹಾಳೆಗಳನ್ನು ಒಂದೊಂದಾಗಿ ನಕಲು ಮಾಡಿದ. ದಾರ ಕಟ್ಟಿದ ಚೌಕಟ್ಟು ಮಾಡಿಸಿಕೊಂಡು ಅದರೊಳಗಿಂದ ನೋಡಿ ಅಳತೆ ಕಲಿತ. ಇನ್ನು ಪಿಕಾಸೊ ಹುಟ್ಟು ಪ್ರತಿಭೆ ಅಂತ ಎಲ್ಲರೂ ಹೇಳುತ್ತಾರೆ. ಅವನ ಅಪ್ಪನೇ ಡ್ರಾಯಿಂಗ್ ಮೇಷ್ಟ್ರು. ಹುಟ್ಟಿದ ಮನೆಯೇ ಕ್ಲಾಸು! ಯಕ್ಷಗಾನ ಮೇಳದವರ ಮನೆಯ ಮಗು ನಡೆಯುವ ಮೊದಲೇ ತಾಳ ಕೇಳುತ್ತದೆ, ಆಮೇಲೆ ನಾವು ರಕ್ತದಲ್ಲೇ ಬಂದಿದೆ ಅನ್ನುತ್ತೇವೆ. ಹಾಗೇ.

ಮಗಳಿಗೆ ಎಲಿಮೆಂಟರಿಯಲ್ಲಿ ಬಿ ಗ್ರೇಡ್ ಬಂತು. ಇಂಟರ್‌ಮೀಡಿಯೇಟ್ ಕೂಡ ಮುಗಿಸಿ ಕ್ಲಾಸು ಬಿಟ್ಟಳು. ಅವಳ ಗೆರೆ ನನ್ನ ಗೆರೆಗಿಂತ ಚೆನ್ನಾಗಿದೆ, ಈಗಲೂ. ಬಿಟ್ಟದ್ದು ಯಾಕೆ ಅಂದರೆ, "ನನಗೆ ಅಷ್ಟು ಇಷ್ಟ ಇಲ್ಲ ಅಪ್ಪ" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಆಸೆಯನ್ನು ಮಾತ್ರ ಕಲಿಸಲಿಕ್ಕಾಗುವುದಿಲ್ಲ ಅಂತ ಹೆಂಡತಿ ಹೇಳಿದಳು. ಒಪ್ಪಿಕೊಳ್ಳಲು ನನಗೆ ಪೂರ್ತಿ ಮನಸ್ಸಾಗುವುದಿಲ್ಲ. ನನಗೆ ಯಾವ ಆಸೆ ಇತ್ತು? ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದೆ. ಲೋಟದ ತಳ ಮೊದಲು ಕಂಡಿತು, ಆಸೆ ಆಮೇಲೆ ಬಂತು.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ಈಗಲೂ ಜಗುಲಿಯಲ್ಲಿ ಕೂತು ಬೀಡಿ ಕಟ್ಟುತ್ತಾಳೆ, ಬೇಡ ಅಂದರೂ ಕೇಳುವುದಿಲ್ಲ. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪಿನ ಪುಡಿ, ದಾರದ ಉಂಡೆ. ನಾನು ಕಂಬಕ್ಕೆ ಒರಗಿ ಪುಸ್ತಕ ತೆಗೆದೆ. ಅವಳ ಕೈ ನಿಲ್ಲುವುದಿಲ್ಲ. ಎಲೆ, ಪುಡಿ, ಸುತ್ತು, ದಾರ, ಬಾಯಿ ಮಡಚು. ಆದರೆ ಪ್ರತಿ ಬೀಡಿಗೂ ಅದೇ ಭಂಗಿ ಮತ್ತೆ ಬರುತ್ತದೆ. ಲೋಕಲ್ಲಿನಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬಂತು. ಎಲೆ ಸುತ್ತುವ ಒಂದು ಗಳಿಗೆಯನ್ನು ಮಾತ್ರ ಹಿಡಿದುಕೊಂಡು, ಅದು ತಿರುಗಿ ಬರುವ ತನಕ ಕಾದು, ಒಂದು ಗೆರೆ ಎಳೆದು, ಮತ್ತೆ ಕಾದೆ.

ಬಲಗೈಯ ತೋರುಬೆರಳು ಸರಿ ಕೂರಲಿಲ್ಲ. ಮೂರು ಸಲ ಅಳಿಸಿದೆ. ಅಳತೆ ತಪ್ಪಿದೆ ಅಂತ ಪೆನ್ಸಿಲ್ ಚಾಚಿ ಹಿಡಿದೆ. ಅಳತೆ ಸರಿ ಇತ್ತು. ಆಮೇಲೆ ಬೆರಳನ್ನು ಬಿಟ್ಟು, ತೋರುಬೆರಳಿಗೂ ನಡುಬೆರಳಿಗೂ ನಡುವಿನ ಖಾಲಿ ಜಾಗ ನೋಡಿದೆ. ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ. ಬೆರಳು ಮೇಲಿನ ಗೆಣ್ಣಿನಿಂದ ಹೆಬ್ಬೆರಳಿನ ಕಡೆಗೆ ಸೊಟ್ಟ ಆಗಿತ್ತು. ನಾನು ಪ್ರತಿ ಸಲವೂ ಅದನ್ನು ನೇರ ಮಾಡಿ ಬಿಡಿಸುತ್ತಿದ್ದೆ. ಖಾಲಿ ಜಾಗ ಹೇಗಿತ್ತೋ ಹಾಗೇ ಇಟ್ಟೆ. ಬೆರಳು ಬಂದು ಕೂತಿತು.

ಅಮ್ಮ ಮೊರ ಕೆಳಗಿಟ್ಟು ಕೈ ಚಾಚಿದಳು. ಪುಸ್ತಕ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರದ ಬೆರಳಿನ ಮೇಲೆ ತನ್ನ ಅದೇ ಬೆರಳು ಇಟ್ಟಳು.

"ಈ ಬೆರಳ್ ಸೊಟ್ಟ ಇಪ್ಪುದ್ ನೀ ಯಾವಾಗ ಕಂಡದ್ದ್ ಮಗಾ?"

"ಈಗ ಅಮ್ಮ" ಅಂದೆ.

ಅವಳು ಪುಸ್ತಕ ವಾಪಸ್ ಕೊಟ್ಟು, ಎಡಗೈ ಮೊರದ ಮೇಲೆ ಅಂಗಾತ ಇಟ್ಟು ಕೂತಳು. ನಾನು ಹೊಸ ಹಾಳೆ ತಿರುಗಿಸಿದೆ.